ಗಡಿಗೆ ಗೆರಿ ಹಾಕೋ ಇಬ್ಬರು

ಭೂಮಿಯ ಕಾಂತಕ್ಷೇತ್ರಕ್ಕ ಒಂದು ಗಡಿ ಅದ. ಸೂರ್ಯನ ಕಡೆಯಿಂದ ಬೀಸಿ ಬರೋ ಪ್ಲಾಸ್ಮಾ, ಅಂದ್ರ ವಿದ್ಯುತ್ ಕಣಗಳ ಗಾಳಿ, ಅಲ್ಲಿಗೆ ಬಂದು ತಡದು, ಪಕ್ಕಕ್ಕ ಸರಕೊಂಡು ಹೋಗತದ. ಗಡಿಯ ಹೊರಗ ಕಣಗಳು ದಟ್ಟ, ಕಾವು ಕಡಿಮಿ. ಒಳಗ ಅದರ ಉಲ್ಟಾ. ಕಲಬುರಗಿ ಯೂನಿವರ್ಸಿಟಿಯೊಳಗ ಕುಂತು ಪಿಎಚ್.ಡಿ.ಗೆ ನಾ ಇದನ್ನೇ ಓದಾಕತ್ತೀನಿ. ಕುಸನೂರದಾಗ ಬಾಡಿಗಿ ಖೋಲಿ. ಮನಿ ಮಾಲಕಿ ಒಮ್ಮೆ, ಇದರಿಂದ ಏನು ಉಪಯೋಗ್ರೀ ಅಂತ ಕೇಳಿದ್ಲು. ಹೇಳಿದೆ. ಮತ್ತೆಂದೂ ಕೇಳಲಿಲ್ಲ.

ಉಪಗ್ರಹ ಈ ಗಡಿ ಎಲ್ಲಿ ದಾಟ್ಯದ ಅಂತ ಗ್ರಾಫಿನ ಮ್ಯಾಲ ಗೆರಿ ಹಾಕೋದು ನಮ್ಮ ಕೆಲಸ. ಕಂಪ್ಯೂಟರ್ ಹಾಕತದ, ಆದ್ರ ಎಡವತದ. ಅದಕ್ಕ ಇಬ್ಬರು ಬ್ಯಾರೆಬ್ಯಾರೆ ಕುಂತು, ಒಬ್ಬರಿಗೊಬ್ಬರು ಪಿಟಕ್ ಅನ್ನದ ಪೆನ್ಸಿಲ್ ಹಚ್ಚಬೇಕು, ಆಮ್ಯಾಲ ಹಾಳಿ ಕೂಡಿಸಿ ನೋಡಬೇಕು. ಗೈಡ್ ಹಾಕಿಕೊಟ್ಟ ಪದ್ಧತಿ ಇದು. ನನ್ನ ಜೋಡಿ ಹಾಕತಿದ್ದಾಕಿ ನನ್ನ ಗೆಳತಿ. ಕಲಬುರಗಿಯ ರೋಜಾ ಓಣಿಯಾಕಿ; ಮನ್ಯಾಗ ದಖನಿ ಉರ್ದು, ನನ್ನ ಜೋಡಿ ಕನ್ನಡ, ಜಗಳಕ್ಕ ಎರಡೂ.

ಒಂದು ಗ್ರಾಫಿನ್ಯಾಗ ಪ್ಲಾಸ್ಮಾ ಸಾಕಷ್ಟು ಸಲ ಏರಿ ಇಳದಿತ್ತು. ಇಲ್ಲಿ ಪದರಪದರ ಗಡಿ ಅವ ಅಂತ ನಾ ಠಸ್ಸೆ ಹೊಡದಂಗ ಹೇಳಿದೆ. ಆಕಿ ನಕ್ಕು, ಗಡಿ ಒಂದೇ, ಉಪಗ್ರಹ ನಿಂತಂಗೇ ಅದ, ಗಾಳಿ ಒತ್ತಿದಾಗ ಗಡೀನೇ ಅದರ ಮ್ಯಾಲ ಹಿಂದ-ಮುಂದ ಸರದದ ಅಂದ್ಲು. ನನಗ ಮೈಯೆಲ್ಲಾ ಉರೀತು. ಆಕಿ ಹೇಳಿದ್ದೇ ಖರೆ ಇತ್ತು.

ಹೋದ ವರ್ಷ ಆಕಿಗೆ ಕಮಲಾಪುರದ ಹೈಸ್ಕೂಲಿನ್ಯಾಗ ನೌಕರಿ ಸಿಕ್ತು. ಮನಿಗೆ ಪಗಾರ ಬೇಕಾಗಿತ್ತು, ಪಿಎಚ್.ಡಿ. ಬಿಟ್ಲು. ನಾ ಖುಷಿ ಪಡಬೇಕಿತ್ತು, ಎಲ್ಲಿ ಖುಷಿ? ಗೈಡ್‌ಗೆ ಈಗ ಆಫೀಸಿನ ಕೆಲಸಾನೇ ಹಾಸಿ ಹೊದಿಯುವಷ್ಟು, ಗ್ರಾಫ್ ನೋಡಾಕ ಪುರಸೊತ್ತಿಲ್ಲ. ಇದು ತಿಳಿಯೋರು ಡಿಪಾರ್ಟ್‌ಮೆಂಟಿನ್ಯಾಗ ಮತ್ತ್ಯಾರೂ ಇಲ್ಲ. ಕಡೀ ಅಧ್ಯಾಯದ ಗ್ರಾಫಿಗೆ ನನ್ನ ಗೆರಿ ಹಾಕಿ ಆಗಿತ್ತು, ಎರಡನೇ ಗೆರಿ ಇಲ್ಲದ ಹಂಗೇ ಉಳದಿದ್ವು. ಒಂದು ಶನಿವಾರ ಅವನ್ನ ಚೀಲಕ್ಕ ಹಾಕ್ಕೊಂಡು ಕಮಲಾಪುರದ ಬಸ್ ಹತ್ತಿದೆ. ಗ್ರಾಫ್ ಒಂದು ನೆಪ. ಆಕಿ ತಿರುಗಿ ಬರಬೇಕು, ಅಷ್ಟೇ ಬೇಕಾಗಿತ್ತು ನನಗ.

ಸಾಲಿ ಬಿಟ್ಟಿತ್ತು. ಆಕಿ ಕೆಂಪು ಬಾಳಿಹಣ್ಣು ಕೈಗಿಟ್ಟು, ಹಾಳಿ ಇಸಗೊಂಡು, ನೀ ಇನ್ನ ಹೊರಗ ನಡಿ ಅಂದ್ಲು. ಪದ್ಧತಿ ಅಂದ್ರ ಪದ್ಧತಿ. ಅಷ್ಟು ದಿನಕ್ಕ ಭೆಟ್ಟಿಯಾಗಿ, ಆಕಿ ಕ್ಲಾಸ್ ಖೋಲಿಯೊಳಗ, ನಾ ವರಾಂಡದಾಗ ಹಣ್ಣು ತಿನಕೋತ. ಕಿಟಕಿಯೊಳಗಿಂದ ಆಕಿ ಬೆನ್ನು ಕಾಣಸ್ತಿತ್ತು. ಒಮ್ಮೆ ತನ್ನಷ್ಟಕ್ಕ ತಾನೇ ನಕ್ಕಳು. ಯಾವ ಗ್ರಾಫಿಗೆ ಅಂತ ಕೇಳೋ ಹಂಗಿಲ್ಲ.

ಆಮ್ಯಾಲ ಹಾಳಿ ಕೂಡಿಸಿದಿವಿ. ಒಂದೇ ಕಡೆ ಫರಕ್ ಬಂತು, ಅಲ್ಲೂ ಆಕಿದೇ ಬರೋಬ್ಬರಿ. ಆಕಿ ಕಣ್ಣು ಹೊಳಿತಿದ್ವು. ಇದೇ ವ್ಯಾಳ್ಯಾ ಅಂತ, ಪಾರ್ಟ್ ಟೈಮ್ ಮಾಡು, ಗೈಡ್ ಒಪ್ಪತಾರ, ಬಾ ಅಂತ ನಾ ಒಂದೇ ಉಸುರಿಗೆ ಹೇಳಿದೆ. ಆಕಿ ಹಾಳಿ ಮಡಚಿ ನನ್ನ ಚೀಲದಾಗ ಇಟ್ಲು.

"ನೀ ಬಾ. ಉರುಸಿಗೆ ಮನಿಗೆ ಬಾ, ಯಾವಾಗರ ಬಾ," ಅಂದ್ಲು. "ಆದ್ರ ಇವನ್ನ ತರಬ್ಯಾಡ. ಇವನ್ನ ನೋಡಿದ್ರ ಸೋಮವಾರ ಸಾಲಿಗೆ ಬರಾಕ ನನಗ ಕಾಲ ಏಳಂಗಿಲ್ಲ."

ನಾ ಹೂಂ ಅಂದೆ. ಬಸ್ಸಿನ್ಯಾಗ ಮಾರಿ ಕಿಟಕಿ ಕಡೆ ಮಾಡಿ ಕಲಬುರಗಿ ಮಟ ಅತ್ತೆ.

ಈಗ ಎರಡೂ ಸಲ ನಾನೇ ಗೆರಿ ಹಾಕತೀನಿ. ಒಮ್ಮೆ ಹಾಕಿ ಮುಚ್ಚಿಡೋದು. ಮರತ ಮ್ಯಾಲ ಹೊಸ ಹಾಳಿ ಮ್ಯಾಲ ಮತ್ತೊಮ್ಮೆ. ಗೈಡ್ ನಡೀತದ ಅಂದಾರ, ಪ್ರಬಂಧದಾಗೂ ಹಂಗೇ ಬರದೀನಿ. ಕೂಡಿಸಿ ನೋಡಿದ್ರ ಎಲ್ಲಾ ಗೆರಿ ಹೊಂದತಾವ. ಹೊಂದಿದಷ್ಟೂ ನನಗ ಹೆದರಿಕಿ. ತಪ್ಪಿದ್ರ ಎರಡೂ ಸಲ ಒಂದೇ ಕಡೆ ತಪ್ಪಿರತೀನಿ, ಮತ್ತ ಅದನ್ನ ಹೇಳೋರು ಯಾರೂ ಇಲ್ಲ.