ಕಳವಳ ಯಾರ ಮೇಲೆ?

ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಈ ವಯಸ್ಸಿನಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯಾದೆ.

ನನ್ನ ಸೊಸೆ ಕನ್ಹಾನ್ ಹೊಳೆಯ ಆಚೆಯ ಹಳ್ಳಿಗಳ ಮಕ್ಕಳ ಹೆದರಿಕೆಯನ್ನು ಮಾತಾಡಿಸಿ ಇಳಿಸುವ ಕೆಲಸ ಕಲಿಯುತ್ತಿದ್ದಳು. ಕಲಿಸುವ ಮ್ಯಾಡಮ್ ಎಲ್ಲೋ ದೂರದ ಊರಿನಲ್ಲಿ, ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಅಂದು ಕೊನೆಯ ಪರೀಕ್ಷೆ. ಮ್ಯಾಡಮ್ ನೋಡುತ್ತಿರುವಾಗ ಸೋಗಿನ ಪೇಶಂಟನ್ನು ಮಾತಾಡಿಸಬೇಕು. ಪಾಸಾದರೆ ನಿಜವಾದ ಮಕ್ಕಳು, ಫೇಲಾದರೆ ಪಾಠ ಮತ್ತೆ ಮೊದಲಿನಿಂದ. ಪೇಶಂಟ್ ಆಗಬೇಕಿದ್ದ ಪಕ್ಕದ ಮನೆಯ ಹುಡುಗಿ ಕ್ಯಾಮೆರಾ ನೋಡಿಯೇ ಓಡಿಹೋದಳು.

"ಅತ್ತೀ, ನೀವ ಕೂಡ್ರಿ. ಕ್ಲಾಸಿನ್ಯಾಗ ಎದ್ದು ನಿಂತು ಮಾತಾಡಾಕ ಹೆದರೋ ಹುಡುಗಿ ನೀವು."

"ನಾ ಯಾರಿಗರ ಹೆದರೀನೇನ?"

"ಅದಕ್ಕ ನಾಟಕ ಮಾಡ್ರಿ ಅನ್ನೂದು. ಜಲ್ದಿ ಬರ್ರಿ!"

ಸೆರಗು ಹೊದ್ದು ಕುಳಿತೆ. ಪರದೆಯಲ್ಲಿ ನನ್ನ ಮುಖ ನೋಡಿ ಖುಷಿಯೇ ಆಯಿತು. ಮಾತೆಲ್ಲ ಈ ಊರಿನ ಮರಾಠಿಯಲ್ಲಿ. ಗಾಂಧಿಬಾಗಿನ ಪೇಟೆಯಲ್ಲಿ ಚೌಕಾಶಿ ಮಾಡುವಷ್ಟು ಮರಾಠಿ ನನಗೆ ಬರುತ್ತದೆ; ಹೆದರಿಕೆಯ ಮರಾಠಿ ಎಂದೂ ಬೇಕಾಗಿರಲಿಲ್ಲ.

"ಕ್ಲಾಸಿನಲ್ಲಿ ಎದ್ದು ನಿಂತರೆ ನಿನಗೆ ಏನಾಗುತ್ತದೆ?" ಎಂದಳು ಸೊಸೆ. ಅತ್ತೆಗೆ ನೀನು! ನಾಟಕದ ಪಾರ್ಟಿನಲ್ಲಿದ್ದೆ, ಬೈಯುವ ಹಾಗಿರಲಿಲ್ಲ.

ಹೆದರಿಕೆಗೆ ಮರಾಠಿ ಮಾತು ಹೊಳೆಯದೆ ನಮ್ಮ ಕನ್ನಡದ ಕಳವಳಕ್ಕೇ ಒಂದು ದೀರ್ಘ ಎಳೆದೆ: "ಮಲಾ ಕಳವಳಾ ಯೇತೋ."

ಮರಾಠಿಯಲ್ಲಿ ಕಳವಳಾ ಅಂದರೆ ಕರುಣೆಯಂತೆ. ಮ್ಯಾಡಮ್ ಹುಬ್ಬೇರಿಸಿದರು. "ಕರುಣೆಯೇ? ಯಾರ ಮೇಲೆ ಆಜೀ?"

"ನನ್ನ ಮೇಲೇ! ಮತ್ತ್ಯಾರ ಮೇಲೆ?"

ಮುಳುಗಿತು ಎಂದುಕೊಂಡೆ. ಸೊಸೆಗೆ ತಿದ್ದುವ ಚಟ. ತಿದ್ದಬೇಡ, ಉಪದೇಶ ಮಾಡಬೇಡ, ಕೇಳು ಎಂದು ಮ್ಯಾಡಮ್ ಪ್ರತಿ ಪಾಠದಲ್ಲೂ ಬೈಯುತ್ತಿದ್ದರು. ಅವಳ ಬಾಯಿ ತೆರೆಯಿತು. ಮುಚ್ಚಿತು. ಆಮೇಲೆ ಮೆಲ್ಲಗೆ ಕೇಳಿದಳು: "ನಿನ್ನ ಆ ಕಳವಳ ಬಂದಾಗ ಮೈಯಲ್ಲಿ ಎಲ್ಲಿ ಕೂಡುತ್ತದೆ?"

ನನ್ನ ಕೈ ತಾನೇ ಹೊಟ್ಟೆಯ ಮೇಲೆ ಹೋಯಿತು. "ಇಲ್ಲಿ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ."

"ನಾಳೆ ಕ್ಲಾಸಿನಲ್ಲಿ ಮಾಡಬಹುದಾದ ಎಲ್ಲಕ್ಕಿಂತ ಸಣ್ಣ ಕೆಲಸ ಯಾವುದು?"

"ಹಾಜರಿ ಕರೆದಾಗ ಜೋರಾಗಿ ಓ ಅನ್ನುತ್ತೇನೆ."

"ಈಗಲೇ ಅಂದು ನೋಡೋಣ."

"ಓ!" ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವನು ನಿಂತು, "ಏನು ಬೇಕು ಆಜೀ?" ಎಂದ.

ಮ್ಯಾಡಮ್ ನಗುತ್ತಲೇ ಹೇಳಿದರು: "ಪಾಸ್! ಸೋಮವಾರದಿಂದ ಮಕ್ಕಳ ಹತ್ತಿರ ಹೋಗಮ್ಮ."

ಸೊಸೆ ಕುರ್ಚಿ ಬೀಳುವ ಹಾಗೆ ಎದ್ದು ನನ್ನನ್ನು ತಬ್ಬಿದಳು. ಅವಳ ಹೆಗಲ ಮೇಲಿಂದ ನಾನು ಮ್ಯಾಡಮ್‌ಗೆ ಕೇಳಿದೆ: "ನನ್ನ ರಿಸಲ್ಟ್?"

"ಬೇರೆಯವರ ಪರೀಕ್ಷೆಗೂ ಪೇಶಂಟ್ ಆಗುತ್ತೀರಾ ಆಜೀ?"

"ಆಗುತ್ತೇನೆ. ಆದರೆ ಹುಡುಗನ ಪಾರ್ಟ್ ಕೊಡಿ. ಸ್ವಲ್ಪ ಪುಂಡನಿರಲಿ."