ಅಕ್ಕನ ಉಲ್ಟಾ ಹೊಡೆತ

ಸ್ನೇಹಿತರೇ, ಇಂದು ಕೊಡಗಿನ ನಾಪೋಕ್ಲಿನ ಮೈದಾನದಲ್ಲಿ, ಕುಟುಂಬಗಳ ನಡುವಿನ ಪಂದ್ಯಾವಳಿಗಾಗಿ ನಮ್ಮ ಕುಟುಂಬದ ಹಾಕಿ ತಂಡ ಅಭ್ಯಾಸ ನಡೆಸುತ್ತಿದ್ದರೆ, ತಂಡದ ಅತ್ಯುತ್ತಮ ಆಟಗಾರ್ತಿಯಾದ ನನ್ನ ಮಗಳು ಬದಿಯಲ್ಲಿ ಸುಮ್ಮನೆ ಕುಳಿತಿದ್ದಳು. ಕಳೆದ ವರ್ಷ ಅವಳ ಅಣ್ಣ ತೀರಿಕೊಂಡ ಮೇಲೆ ಒಂದು ಗೋಲನ್ನೂ ಹೊಡೆಯಲಾಗದೆ, ಇತ್ತೀಚೆಗೆ ಸ್ಟಿಕ್ಕನ್ನೇ ಮುಟ್ಟುತ್ತಿರಲಿಲ್ಲ. ಶಿಸ್ತು, ಕರ್ತವ್ಯ, ಅಣ್ಣನ ಆಸೆ ಎಂದು ಅವಳು ಯಾಕೆ ಆಡಬೇಕೆಂಬುದನ್ನು ನಾನು ಕ್ರಮವಾಗಿ ವಿವರಿಸಿದೆ.

“ನೀವು ಹೇಳುವುದೆಲ್ಲ ಸರಿ ಅಪ್ಪ. ಮನಸ್ಸೇ ಬರುತ್ತಿಲ್ಲ.”

ಅಷ್ಟರಲ್ಲಿ ಅರವತ್ತೆರಡು ವರ್ಷದ ನನ್ನ ಅಕ್ಕ ಸೆರಗು ಬಿಗಿದು ಮೈದಾನಕ್ಕಿಳಿದು, ಸ್ಟಿಕ್ಕಿನ ಉಬ್ಬಿದ ಹಿಂಬದಿಯಿಂದ ಚೆಂಡನ್ನು ಬಾರಿಸಿದಳು.

“ಅತ್ತೆ, ಅದು ಫೌಲ್! ಚಪ್ಪಟೆ ಬದಿಯಲ್ಲಿ ಹೊಡೀರಿ!” ಎಂದು ಮಗಳು ಕೂಗಿದಳು.

“ಎರಡು ಬದಿಯೂ ಒಂದೇ ಮರ ಅಲ್ವಾ ಕೂಸೇ?”

ಮತ್ತೆಯೂ ಅದೇ ಬದಿ. ಮೂರನೆಯ ಸಲ ಮಗಳು ತಡೆಯಲಾರದೆ, “ಅಯ್ಯೋ, ಕೊಡಿ ಇಲ್ಲಿ!” ಎಂದು ಸ್ಟಿಕ್ಕನ್ನು ಕಿತ್ತುಕೊಂಡಳು. ತೋರಿಸಲೆಂದು ಇಳಿದವಳು ಒಂದು ಗಂಟೆ ಆಡಿದಳು.

ನನಗೆ ಕುತೂಹಲ ತಡೆಯಲಾಗಲಿಲ್ಲ. “ನಿಜವಾಗಿಯೂ ನಿನಗೆ ತಿಳಿದಿರಲಿಲ್ಲವೇ?” ಎಂದು ಅಕ್ಕನನ್ನು ಕೇಳಿದೆ.

“ಹೋಗೋ! ಇದೇ ತಪ್ಪಿಗೆ ನಿನ್ನ ಮಗ ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದ!”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಬಹುಮಾನ ಗೆದ್ದವನು. ಎದುರಿನವರು ತಾವಾಗಿಯೇ ಎದ್ದು ಬಂದು ತಿದ್ದುವಂತೆ ತಪ್ಪು ಮಾಡುವ ವಿದ್ಯೆಯನ್ನು ಮಾತ್ರ ಅಲ್ಲಿ ಯಾರೂ ಕಲಿಸಲಿಲ್ಲ.