ಅವ್ವ ಗ್ರಹಣ ನೋಡಿದ ವರ್ಷ

ಆಗ ನಮಗೆ ರವಿವಾರವೆಂದರೆ ಅಶೋಕ ಸರ್ ಅವರ ಸ್ಕೂಟರಿನ ಸದ್ದು. ಕಲಬುರಗಿಯಿಂದ ಅವರು ಕಮಲಾಪುರ ಮುಟ್ಟುವ ಹೊತ್ತಿಗೆ ನಾವು ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ಗಜಗ ಆಡುತ್ತ ಕಾಯುತ್ತಿದ್ದೆವು. ನುಣುಪಾದ ಆ ಬೂದು ಬೀಜಗಳನ್ನು ಮೇಲೆ ಎಸೆದು, ಬೀಳುವುದರೊಳಗೆ ಕೆಳಗಿನದನ್ನು ಬಾಚಿಕೊಳ್ಳುವುದರಲ್ಲಿ ನನ್ನನ್ನು ಸೋಲಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಸ್ಕೂಟರ್ ತಿರುವಿನಲ್ಲಿ ಕಂಡರೆ ಸಾಕು, ಆಟ ಅಲ್ಲಿಗೇ ನಿಲ್ಲುತ್ತಿತ್ತು.

ಸರ್ ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಗೆಳೆಯರೊಂದಿಗೆ ಸೇರಿ ಒಂದು ವಿಜ್ಞಾನ ಬಳಗ ಕಟ್ಟಿಕೊಂಡಿದ್ದರು. ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳಿಗೆ, ದೊಡ್ಡವರಿಗೆ ವಿಜ್ಞಾನ ತಿಳಿಸುವುದು ಅದರ ಕೆಲಸ. ಅವರು ಪಾಠ ಮಾಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಒಂದು ದಿನ ನನ್ನ ಕೈಯಿಂದಲೇ ಗಜಗ ಇಸಿದುಕೊಂಡು, "ಒಂದು ಕಣ್ಣು ಮುಚ್ಚು. ಇದನ್ನ ಇನ್ನೊಂದು ಕಣ್ಣಿನ ಮುಂದ ಹಿಡಿ. ಅಲ್ಲಿ ನೀರಿನ ಟಾಕಿ ಕಾಣ್ತದೇನು?" ಎಂದರು.

"ಇಲ್ರೀ ಸರ್."

"ಎಲ್ಲಿ ಹೋತು?"

"ಅಲ್ಲೇ ಅದರೀ."

"ಮತ್ತ ಗಜಗ ಟಾಕಿ ನುಂಗೇತೇನು?"

ಎಲ್ಲರೂ ನಕ್ಕೆವು. "ಗ್ರಹಣನೂ ಇಷ್ಟೇ," ಎಂದರು ಸರ್. ಅವತ್ತು ನಾನು ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಎಮ್ಮೆ, ಗುಡಿಯ ಶಿಖರ, ಬಸ್ಸು, ಎಲ್ಲವನ್ನೂ ಗಜಗದಿಂದ ಮುಚ್ಚಿ ನೋಡುತ್ತ ಹೋದೆ.

ನಮ್ಮ ಮನೆಯ ತಲೆಬಾಗಿಲಲ್ಲೇ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಪ್ಪ ನಮ್ಮೂರಿನ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಮಾರ್ಕೆಟ್ಟಿಗೆ ಕಳಿಸುತ್ತಿದ್ದ. ಒಳಕೋಣೆಯಲ್ಲಿ ಹುಲ್ಲು ಹೊದೆಸಿದ ಗೊನೆಗಳು ಹಣ್ಣಾಗುತ್ತ ಕೂತಿರುತ್ತಿದ್ದವು. ಆ ಕೋಣೆಯ ಹೊಸ್ತಿಲ ಮೇಲೆ ಕೂತು ನಾನು ಅವ್ವನಿಗೆ ಸರ್ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಅವ್ವನ ಮದುವೆ ಆಗಿತ್ತು. ಮುಂದೆ ಓದುವ ಆಸೆ ಇತ್ತೆಂದು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಹಂಗಾದ್ರ ಚಂದ್ರ ಸಣ್ಣದು, ಸೂರ್ಯ ದೊಡ್ಡದು. ಚಂದ್ರ ಸನಿಹ ಇರೋದಕ್ಕ ಮುಚ್ಚತದ, ಹೌದಿಲ್ಲೋ?" ಎಂದು ಕೇಳುತ್ತಿದ್ದಳು. ನನಗೆ ಹೊಳೆಯದ್ದು ಆಕೆಗೆ ಹೊಳೆದಿರುತ್ತಿತ್ತು.

ಬರಬರುತ್ತ ಅವ್ವ ರವಿವಾರ ಒಂದು ನೆವ ಹುಡುಕಿಕೊಂಡು ಶಾಲೆಗೇ ಬರತೊಡಗಿದಳು. ಡಬ್ಬಿಯಲ್ಲಿ ಸುಸಲಾ ತರುತ್ತಿದ್ದಳು. ನೆನೆಸಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ಹಾಕಿದ ಬಿಸಿ ಸುಸಲಾ. ಸರ್ ತಿನ್ನುತ್ತ, "ತಂಗಿ, ನಿನ್ನಂಥಾಕಿ ಊರಿಗೊಬ್ಬಾಕಿ ಇದ್ರ ನಮ್ಮ ಬಳಗದ ಕೆಲಸ ಅರ್ಧ ಮುಗೀತು," ಎನ್ನುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಆಗ ಆಕೆ ಬಸುರಿ.

ಸಂಕ್ರಾಂತಿಗೆ ಇನ್ನು ಕೆಲವೇ ದಿನ ಇರುವಾಗ ಸರ್ ನಮ್ಮ ಮನೆಗೇ ಬಂದರು. ಹಬ್ಬದ ಮರುದಿನ ಮಧ್ಯಾಹ್ನ ಸೂರ್ಯಗ್ರಹಣವಿತ್ತು. ಶಾಲೆಯ ಅಂಗಳದಲ್ಲಿ ಎಲ್ಲರಿಗೂ ಕಪ್ಪು ಕನ್ನಡಕ ಕೊಟ್ಟು ತೋರಿಸುವುದು, ಅಲ್ಲೇ ಎಲ್ಲರೂ ಕೂಡಿ ಊಟ ಮಾಡುವುದು ಅವರ ಯೋಜನೆ. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಎಳ್ಳು ಹಸನು ಮಾಡುತ್ತ ಕೂತಿದ್ದಳು.

"ಆಯೀ, ಸೊಸಿನ್ನ ಕಳಸ್ರಿ. ಬಸುರಿ ಹೆಣ್ಮಗಳು ಹೊರಗ ಬಂದು ನಿಂತ್ಲಂದ್ರ ಉಳಿದವ್ರಿಗೆ ಧೈರ್ಯ ಬರ್ತದ," ಎಂದರು ಸರ್.

ಆಯಿ ಮೊರ ಕೆಳಗಿಟ್ಟಳು. "ಎರಡ ಜೀವದಾಕಿ ಗಿರಾಣದಾಗ ಹೊರಗ ಹೋಗಬಾರದ್ರೀ. ಕೂಸಿನ ತುಟಿ ಹರೀತದ."

"ಅದೆಲ್ಲ ಸುಳ್ಳದ ಆಯೀ. ಏನೂ ಆಗಂಗಿಲ್ಲ. ಏನರ ಆದ್ರ ಕೇಳಾಕ ನಾ ಇದ್ದೀನಲ್ಲ."

ಆಯಿ ಅಪ್ಪನ ಮುಖ ನೋಡಿದಳು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನಾ ಹೋಗ್ತೀನ್ರಿ," ಎಂದಳು. ಅತ್ತೆಯ ಎದುರು ಆಕೆ ಹಾಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಗ್ರಹಣದ ದಿನ ಊರು ಬಾಗಿಲು ಹಾಕಿಕೊಂಡು ಕೂತಿತ್ತು. ಹೋಟೆಲಿನ ಒಲೆ ಆರಿತ್ತು. ಅಂಗಳಕ್ಕೆ ಬಂದವರು ಮಕ್ಕಳು, ಕೆಲವು ಗಂಡಸರು, ಕಲಬುರಗಿಯಿಂದ ಬಂದ ಬಳಗದವರು, ಮತ್ತು ಅವ್ವ. ಕನ್ನಡಕ ಹಾಕಿಕೊಂಡು ತಲೆ ಎತ್ತಿದರೆ ಸೂರ್ಯ ಯಾರೋ ಕಚ್ಚಿ ಬಿಟ್ಟ ರೊಟ್ಟಿಯಂತೆ ಕಾಣುತ್ತಿದ್ದ. ಬಿಸಿಲು ಇದ್ದೂ ಮಂಕಾಯಿತು, ಗಾಳಿ ತಣ್ಣಗಾಯಿತು. ಸರ್ ನಮ್ಮನ್ನು ಬೇವಿನ ಗಿಡದ ಕೆಳಗೆ ಕರೆದು ನೆಲ ತೋರಿಸಿದರು. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲುಗಳಾಗಿದ್ದವು. ಅವ್ವ ತನ್ನ ಸೆರಗನ್ನು ಚಾಚಿ ಹಿಡಿದಳು. ಕುಡುಗೋಲುಗಳು ಸೆರಗಿನ ಮೇಲೆ ಬಂದು ಕೂತವು.

"ಸವಿತಾ, ನೋಡಿಲ್ಲಿ. ಎಷ್ಟ್ ಚಂದ ಅದ," ಎಂದಳು. ಆಕೆಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಆಮೇಲೆ ಸರ್ ಆಕೆಯನ್ನು ಮುಂದೆ ಕರೆದು ನಿಲ್ಲಿಸಿದರು. ನಮ್ಮ ಮನೆಯದೇ ಕೆಂಪು ಬಾಳೆಹಣ್ಣನ್ನು ಆಕೆಯ ಕೈಗೆ ಕೊಟ್ಟು, "ಈ ತಾಯಿ ಆರು ತಿಂಗಳ ಬಸುರಿ. ನಿಮ್ಮೆಲ್ಲರ ಮುಂದ ಗ್ರಹಣದಾಗ ಹಣ್ಣು ತಿಂತಾಳ," ಎಂದು ಕೂಗಿ ಹೇಳಿದರು. ಅವ್ವ ನಾಚಿಕೊಂಡೇ ತಿಂದಳು. ಫೋಟೋ ತೆಗೆದರು. ಎರಡು ದಿನ ಬಿಟ್ಟು ಪೇಪರಿನಲ್ಲಿ ಅವ್ವ ಬಂದಳು, ಬಾಯಲ್ಲಿ ಹಣ್ಣು, ಪಕ್ಕದಲ್ಲಿ ಕೈ ಎತ್ತಿದ ಸರ್.

ಬಿಸಿಲು ಏರಿದ ತಿಂಗಳಲ್ಲಿ, ಕಲಬುರಗಿಯ ಆಸ್ಪತ್ರೆಯಲ್ಲಿ ತಮ್ಮ ಹುಟ್ಟಿದ. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು.

ಆಯಿ ಆಸ್ಪತ್ರೆಯಲ್ಲಿ ಕೂಸನ್ನು ಎತ್ತಿಕೊಂಡು ನೋಡಿದಳು, ಮತ್ತೆ ಅವ್ವನ ಪಕ್ಕ ಮಲಗಿಸಿ ಹೊರಗೆ ಹೋಗಿ ಕೂತಳು. ಊರಿಗೆ ಬಂದ ಮೇಲೆ ಮಾತು ಶುರುವಾಯಿತು. ಕೂಸು ನೋಡಲು ಬಂದ ಪ್ರತಿಯೊಬ್ಬರ ಮುಂದೆ ಅದೇ ಮಾತು. "ನಾ ಬ್ಯಾಡಂದೆ. ನನ್ನ ಮಾತು ಸಣ್ಣದಾತು, ಶಾಣ್ಯಾರ ಮಾತು ದೊಡ್ಡದಾತು." ಕೂಸಿಗೆ ಎಣ್ಣೆ ಹಚ್ಚಿ ಎರೆಯುವವಳು ಆಕೆಯೇ, ಚಮಚದಿಂದ ಹಾಲು ಹಾಕುವಾಗ ತಲೆ ಹಿಡಿಯುವವಳು ಆಕೆಯೇ. ಮಾತು ಮಾತ್ರ ನಿಲ್ಲಲಿಲ್ಲ. ಓಣಿಯ ಹೆಂಗಸರು ತಮ್ಮ ಬಸುರಿ ಸೊಸೆಯಂದಿರನ್ನು ನಮ್ಮ ಮನೆಯ ಮುಂದೆ ಹಾಯಲು ಬಿಡುತ್ತಿರಲಿಲ್ಲ. ಪೇಪರಿನ ಫೋಟೋ ಎಲ್ಲರಿಗೂ ನೆನಪಿತ್ತು. ಎದೆಹಾಲು ಚೀಪಲಾಗದೆ ಕೂಸು ಅತ್ತಾಗ ಅವ್ವ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.

ಸರ್ ಬರಲಿಲ್ಲ. ಪರೀಕ್ಷೆಗಳಿರಬಹುದು ಎಂದಳು ಅವ್ವ. ಆಮೇಲೆ, ಅವರಿಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ ಎಂದಳು. ಒಂದು ಬೆಳಿಗ್ಗೆ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು, "ನಾವೇ ಹೋಗೋಣ," ಎಂದು ಅಪ್ಪನಿಗೆ ಹೇಳಿದಳು. ನಾನೂ ಬಸ್ಸು ಹತ್ತಿದೆ.

ಬಳಗದ ಕೋಣೆ ಸ್ಟೇಶನ್ ಬಜಾರದಲ್ಲಿ, ಒಂದು ಲಾಡ್ಜಿನ ಮಹಡಿಯ ಮೇಲಿತ್ತು. ಸರ್ ನಮ್ಮನ್ನು ಕಂಡು ಎದ್ದು ನಿಂತರು. ಕೂಸಿನ ಮುಖದ ಮೇಲಿನ ಬಟ್ಟೆಯನ್ನು ಅವ್ವ ಸರಿಸಿದಳು. ಅವರಿಗೆ ಸುದ್ದಿ ಮೊದಲೇ ಮುಟ್ಟಿತ್ತೆಂದು ನನಗೆ ಅವರ ಕಣ್ಣು ನೋಡಿಯೇ ತಿಳಿಯಿತು.

"ಇದು ಕಾಕತಾಳೀಯ, ತಂಗಿ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀ ಧೈರ್ಯ ಕಳ್ಕೋಬ್ಯಾಡ."

"ನನಗ ಧೈರ್ಯ ಅದರೀ ಸರ್," ಎಂದಳು ಅವ್ವ. "ನೀವು ಒಂದ್ ಸಲ ಊರಿಗೆ ಬರ್ರಿ. ನಮ್ಮತ್ತಿ ಮುಂದ, ಓಣಿ ಮಂದಿ ಮುಂದ ಇದು ಹ್ಯಾಂಗಾತು ಅಂತ ಹೇಳ್ರಿ. ನಾ ಹೇಳಿದ್ರ ಯಾರೂ ಕೇಳವಲ್ರು."

ಸರ್ ಕಿಟಕಿಯ ಕಡೆ ನೋಡಿದರು. ಕೆಳಗೆ ಆಟೋದವರು ಗಿರಾಕಿಗಳನ್ನು ಕರೆಯುತ್ತಿದ್ದರು. "ಈಗ ನಾ ಬಂದ್ರ ಜಗಳ ಆಗ್ತದ. ಇದು ಪೇಪರಿನಾಗ ಬಂತಂದ್ರ, ನಮ್ಮ ಇಷ್ಟು ವರ್ಷದ ಕೆಲಸ ನೀರಾಗ ಹೋಗ್ತದ. ಮಂದಿ ಸ್ವಲ್ಪ ಮರೀಲಿ. ಆಮೇಲೆ ಬರ್ತೀನಿ."

"ಫೋಟೋ ಹಾಕಸೂ ಮುಂದ ನೀವು ತಡೀಲಿಲ್ಲಲ್ರೀ," ಎಂದ ಅಪ್ಪ. ಸಿಟ್ಟಿಲ್ಲದ ದನಿಯಲ್ಲಿ, ಬಾಳೆಗೊನೆ ನೋಡಿ ಇದು ಕೊಳೆತಿದೆ ಎನ್ನುವ ಹಾಗೆ ಅಂದ.

ಸರ್ ಚಹಾ ತರಿಸಿದರು. ಯಾರೂ ಕುಡಿಯಲಿಲ್ಲ. ಮೆಟ್ಟಿಲಿಳಿಯುವಾಗ ಅವ್ವ ಕೂಸಿನ ಮುಖ ಮತ್ತೆ ಮುಚ್ಚಿದಳು.

ಆಮೇಲಿನ ರವಿವಾರಗಳಲ್ಲಿ ಸ್ಕೂಟರ್ ಬರಲಿಲ್ಲ. ಬಂದಿದ್ದರೂ ಯಾರೂ ಮಕ್ಕಳನ್ನು ಕಳಿಸುತ್ತಿರಲಿಲ್ಲ. ತಮ್ಮನಿಗೆ ಶರಣು ಎಂದು ಹೆಸರಿಟ್ಟೆವು. ತುಸು ದೊಡ್ಡವನಾದ ಮೇಲೆ ಕಲಬುರಗಿಯಲ್ಲೇ ತುಟಿಯ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರು, ಆದರೆ ಹೊರಗೆ ಕಾಯುವ ರೋಗಿಗಳ ಸಾಲು ದೊಡ್ಡದಿತ್ತು. ಯಾಕೆ ಹೀಗಾಯಿತು ಎಂದು ಅವರು ಹೇಳಲಿಲ್ಲ, ಅಷ್ಟರಲ್ಲಿ ಅವ್ವ ಕೇಳುವುದನ್ನೂ ಬಿಟ್ಟಿದ್ದಳು. ಆಯಿ ತೀರಿಕೊಂಡ ಮೇಲೂ ಸೊಸೆಯ ಮೇಲೆ ಹೊರಿಸಿದ ಆ ತಪ್ಪು ಹಾಗೇ ಉಳಿಯಿತು.

ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವಾಗ ಒಂದು ಮಧ್ಯಾಹ್ನ ಪುಸ್ತಕದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಹೊಟ್ಟೆಯಲ್ಲಿರುವ ಕೂಸಿನ ಮೇಲ್ದುಟಿ ಕೂಡಿಕೊಳ್ಳುವುದು ಬಸುರಿನ ಎರಡನೆಯ ತಿಂಗಳ ಹೊತ್ತಿಗೆ. ಗ್ರಹಣದ ದಿನ ಅವ್ವನಿಗೆ ಆರು ತಿಂಗಳು. ಆಕೆ ಅಂಗಳದಲ್ಲಿ ಸೆರಗು ಚಾಚಿ ನಿಂತಾಗ ಶರಣುವಿನ ತುಟಿ ಸೀಳಿ ಎಷ್ಟೋ ತಿಂಗಳಾಗಿತ್ತು. ಇಷ್ಟೇ ಮಾತು. ಯಾರಿಗೂ ತಿಳಿಯುವಂಥ ಮಾತು. ಒಬ್ಬ ಮನುಷ್ಯ ನಮ್ಮ ಕಟ್ಟೆಯ ಮೇಲೆ ಕೂತು, ಆಯಿಯ ಕೈಬೆರಳಲ್ಲೇ ತಿಂಗಳು ಎಣಿಸಿ ಹೇಳಿದ್ದರೆ ಸಾಕಿತ್ತು. ಆಕೆ ನಂಬುತ್ತಿದ್ದಳೋ ಇಲ್ಲವೋ, ಕೇಳುತ್ತಿದ್ದಳು. ಆ ಮಾತನ್ನು ಹಿಡಿದುಕೊಂಡು ಅವ್ವ ಬದುಕಬಹುದಿತ್ತು. ಗೊತ್ತಿಲ್ಲದಿದ್ದರೆ ಸರ್ ಓದಿ ತಿಳಿದುಕೊಂಡು ಬರಬಹುದಿತ್ತು. ಮಹಡಿಯ ಆ ಕೋಣೆಯ ತುಂಬ ಪುಸ್ತಕಗಳಿದ್ದವು.

ಊರಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿದಳು. "ಈಗ ಯಾರಿಗೆ ಹೇಳ್ಲಿ?" ಎಂದಳು.

ಅದೇ ವರ್ಷ ನಮ್ಮ ಕಾಲೇಜಿಗೆ ಅಶೋಕ ಸರ್ ಉಪನ್ಯಾಸಕ್ಕೆ ಬಂದರು. ಕೂದಲು ಬೆಳ್ಳಗಾಗಿತ್ತು, ಮಾತಿನ ಓಟ ಹಾಗೇ ಇತ್ತು. ಜನರ ನಡುವೆ ವಿಜ್ಞಾನ ಒಯ್ಯುವುದು ಹೇಗೆ ಎಂಬುದು ಅಂದಿನ ವಿಷಯ. ಮಾತಿನ ನಡುವೆ ಅವರು ಕಮಲಾಪುರದ ಗ್ರಹಣದ ಕಥೆ ಹೇಳಿದರು. ಬಾಗಿಲು ಹಾಕಿಕೊಂಡ ಊರು, ಬೇವಿನ ಗಿಡ, ಎಲ್ಲರ ಮುಂದೆ ಕೆಂಪು ಬಾಳೆಹಣ್ಣು ತಿಂದ ಬಸುರಿ ಹೆಂಗಸು. ಕಥೆ ಅಲ್ಲಿಗೇ ಮುಗಿಯಿತು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಪ್ರಶ್ನೆಗಳ ಹೊತ್ತಿನಲ್ಲಿ ನಾನು ಎದ್ದು ನಿಂತೆ. "ಸರ್, ಆ ಕೂಸು ಈಗ ಹ್ಯಾಂಗದರೀ?"

ಅವರಿಗೆ ನನ್ನ ಗುರುತು ಸಿಗಲಿಲ್ಲ. "ಛಲೋ ಅದ, ಛಲೋ ಅದ. ಈಗ ದೊಡ್ಡಾಂವ ಆಗಿರಬೇಕು," ಎಂದು ನಕ್ಕು ಮುಂದಿನ ಪ್ರಶ್ನೆಗೆ ಕೈ ಮಾಡಿದರು. ನಾನು ಕೂತೆ. ಪಕ್ಕದ ಗೆಳತಿ, "ಎಷ್ಟ್ ಛಂದ ಮಾತಾಡ್ತಾರಲ್ಲ," ಎಂದಳು.

ಈಗ ನಾನು ಕಲಬುರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಗ್ರಹಣ ಬಂದರೆ ಟೀವಿಯಲ್ಲಿ ಯಾವ ರಾಶಿಗೆ ಏನು ಎಂದು ಬೆಳಗಿನಿಂದ ಹೇಳುತ್ತಾರೆ, ಫೋನಿನಲ್ಲಿ ಎಚ್ಚರಿಕೆಗಳು ಹರಿದಾಡುತ್ತವೆ. ಹೊರಗೆ ಹೋಗಿ ನೋಡಿದರೆ ಏನಾದೀತು ಎಂದು ತಾವೇ ಯೋಚಿಸಿ ನೋಡುವ ಮಂದಿ, ಅಂಥ ಪ್ರಶ್ನೆ ಕೇಳುತ್ತ ರೊಟ್ಟಿ ಬಡಿಯುವ ಹೆಂಗಸು, ನನ್ನ ಊರಿನಲ್ಲಿ ನನಗೆ ಮತ್ತೆ ಸಿಗಲಿಲ್ಲ. ಇದ್ದ ಒಬ್ಬಳನ್ನು ಫೋಟೋ ತೆಗೆದುಕೊಂಡು ಬಿಟ್ಟುಹೋದರು. ಸರ್ ಮೇಲಿನ ನನ್ನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಗ್ರಹಣದ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದು ಆ ಸಿಟ್ಟನ್ನು ಇನ್ನೂ ಹೆಚ್ಚಿಸುತ್ತದೆ.

ಈಚೆಗೆ ಒಂದು ಸಂಜೆ ಸೂರ್ಯಗ್ರಹಣವಿತ್ತು. ಊರಲ್ಲೇ ಇದ್ದೆ. ಕಪ್ಪು ಕನ್ನಡಕ ತಂದು ಅವ್ವನನ್ನು ಕರೆದೆ. ಆಕೆ ಕಿಟಕಿ ಹಾಕಿ, ಲೈಟು ಹಚ್ಚಿಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಗ್ರಹಣದಿಂದ ಏನೂ ಆಗಂಗಿಲ್ಲ ಅಂತ ನಿನಗ ಗೊತ್ತದಲ್ಲವ್ವ."

"ಗೊತ್ತದ," ಎಂದಳು. "ಏನರ ಆತಂದ್ರ ಯಾರೂ ಬರಂಗಿಲ್ಲ ಅಂತನೂ ಗೊತ್ತದ."

ಶರಣು ಕನ್ನಡಕಕ್ಕೆ ಕೈ ಚಾಚಿದ. ಅವ್ವ ಬೇಳೆಯಿಂದ ಕಣ್ಣೆತ್ತದೆ, "ಒಳಗ ಕೂಡು," ಎಂದಳು. ಅವನು ಕೂತ.